ಯಾರ ಚೀಟಿ ಎಂದು ಕೇಳಬಾರದು

ನನ್ನ ಹೆಂಡತಿ ಮನೆ ಬಿಟ್ಟು ಹೋದ ಕಥೆಯನ್ನು ಅವಳು ಹೋಗುವ ಹದಿನೈದು ದಿನ ಮೊದಲೇ ನಾನು ಬರೆದಿದ್ದೆ. ಬರೆದು, ಅವಳಿಗೇ ಓದಿ ಹೇಳಿ, 'ಹೇಗಿದೆ?' ಎಂದು ಕೇಳಿ, 'ಚೆನ್ನಾಗಿದೆ' ಅನ್ನಿಸಿಕೊಂಡು, ಉಬ್ಬಿಹೋಗಿ ಅವಳ ಕೈಯಲ್ಲೇ ಇನ್ನೊಂದು ಲೋಟ ಚಹಾ ಮಾಡಿಸಿಕೊಂಡು ಕುಡಿದಿದ್ದೆ. ಇಂಥ ಮುಠ್ಠಾಳ ನಿಮಗೆ ಗೊತ್ತಿರುವವರಲ್ಲಿ ಇನ್ನೊಬ್ಬನಿದ್ದರೆ ಹೇಳಿ, ಹೋಗಿ ಮಾತಾಡಿಸಿಕೊಂಡು ಬರುತ್ತೇನೆ.

ನನ್ನ ಕೆಲಸ ಕನ್ನಡಕದ ಅಂಗಡಿಯಲ್ಲಿ. ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವುದು, ಸಡಿಲವಾದ ಸ್ಕ್ರೂ ಬಿಗಿ ಮಾಡುವುದು, ಗಿರಾಕಿಯ ಮೂಗಿನ ಮೇಲೆ ಏರಿಸಿ 'ಈಗ ಕಾಣಿಸ್ತಾ?' ಎಂದು ಕೇಳುವುದು. ಹಗಲೆಲ್ಲ ಇದೇ. ಭಾನುವಾರ ಮಾತ್ರ ನಾನು ಕಥೆಗಾರ. ಒಂದು ವಾರಪತ್ರಿಕೆಯಲ್ಲಿ ನನ್ನ ಕಥೆಗಳು ಬರುತ್ತಿದ್ದವು. ಮದುವೆಯಾದ ಹೊಸದರಲ್ಲಿ ನಾಲ್ಕೈದು ಬಂದವು, ಆಮೇಲೆ ತಲೆ ಬರಿದಾಯಿತು. ಭಾನುವಾರ ಬೆಳಿಗ್ಗೆ ಹಾಳೆಯ ಮುಂದೆ ಕುಳಿತವನು ಮಧ್ಯಾಹ್ನದವರೆಗೆ ಪೆನ್ನಿನ ಮುಚ್ಚಳ ಕಚ್ಚುತ್ತ, ಮನೆಯಲ್ಲಿ ಯಾರು ಪಾತ್ರೆ ಸದ್ದು ಮಾಡಿದರೂ ಸಿಡುಕುತ್ತಿದ್ದೆ. ಮನೆಯಲ್ಲಿ ಯಾರು ಎಂದರೆ ಅವಳೊಬ್ಬಳೇ.

ಅವಳು ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಳು. ಬಂದ ಬಟ್ಟೆಗಳ ಕಾಲರಿಗೆ ನಂಬರಿನ ತುಂಡು ಪಿನ್ ಮಾಡುವುದು, ಮಷೀನಿಗೆ ಹಾಕುವ ಮುಂಚೆ ಪ್ರತಿಯೊಂದು ಜೇಬಿಗೂ ಕೈ ಹಾಕಿ ನೋಡುವುದು ಅವಳ ಪಾಲಿನ ಕೆಲಸ. ಹಿಂದೊಮ್ಮೆ ಯಾರದೋ ಪೆನ್ನು ಒಡೆದು ಇಪ್ಪತ್ತು ಬಿಳಿ ಅಂಗಿ ನೀಲಿಯಾಗಿದ್ದವಂತೆ. ಅಲ್ಲಿಂದ ಜೇಬು ನೋಡದೆ ಒಂದು ಬಟ್ಟೆಯೂ ಒಳಗೆ ಹೋಗುವಂತಿಲ್ಲ. ಸಿಕ್ಕಿದ್ದನ್ನು ನಂಬರ್ ಬರೆದ ಕವರಿನಲ್ಲಿಟ್ಟು ವಾಪಸ್ ಕೊಡಬೇಕು.

ಒಂದು ಶನಿವಾರ ಸಂಜೆ ಅವಳು ನನ್ನ ಮುಂದೆ ಬಿಸ್ಕತ್ತಿನ ಹಳೆಯ ಡಬ್ಬಿಯೊಂದನ್ನು ಇಟ್ಟಳು. ಮುಚ್ಚಳ ಬಿಗಿ. ಚಮಚ ತೂರಿಸಿ ಎಬ್ಬಿಸಬೇಕು.

"ಕಣ್ಣು ಮುಚ್ಕೊಂಡು ಒಂದು ತೆಗೀರಿ ಕಥೆಗಾರರೇ."

ತೆಗೆದೆ. ಬೆರಳುದ್ದದ ಚೀಟಿ, ಅವಳದೇ ಗುಂಡಗಿನ ಅಕ್ಷರ: 'ಸೋಪು, ಬೆಂಕಿಪೊಟ್ಟಣ, ಬಲ್ಬು. ಅಮ್ಮನಿಗೆ ಹೇಳಬೇಡ.'

"ಏನೇ ಇದು?"

"ಒಬ್ಬರ ಪ್ಯಾಂಟಿನ ಜೇಬಲ್ಲಿತ್ತು. ಅಸಲು ಚೀಟಿ ಅವರ ಕವರಿಗೆ ಹೋಯ್ತು, ನಾನು ನಕಲು ಮಾಡ್ಕೊಂಡೆ. ಇದರ ಮೇಲೆ ಬರೀರಿ. ಆದ್ರೆ ಎರಡು ಮಾತು. ತೆಗೆದ ಚೀಟಿ ವಾಪಸ್ ಹಾಕೋ ಹಾಗಿಲ್ಲ. ಯಾರದ್ದು ಅಂತ ಕೇಳೋ ಹಾಗಿಲ್ಲ. ಪಾಪ, ಅವರವರ ಗುಟ್ಟು ಅವರವರಿಗೆ."

ಆ ಭಾನುವಾರ ಪೆನ್ನಿನ ಮುಚ್ಚಳ ಬಾಯಿಗೆ ಹೋಗಲೇ ಇಲ್ಲ. ಬಲ್ಬು ಕೊಳ್ಳುವುದರಲ್ಲಿ ಅಮ್ಮನಿಗೆ ಹೇಳಬಾರದ್ದು ಏನಿದೆ ಎಂದು ಯೋಚಿಸಿದ್ದೇ ತಡ, ಒಂದು ಮನೆ, ಒಂದು ಕತ್ತಲೆ ಕೋಣೆ, ಇಬ್ಬರು ಅಣ್ಣತಮ್ಮಂದಿರು ತಾವಾಗಿ ಬಂದು ಕೂತರು. ಸಂಪಾದಕರು ಮರುವಾರವೇ ಅಚ್ಚು ಹಾಕಿದರು. ಅಲ್ಲಿಂದ ಒಂಬತ್ತು ವರ್ಷ ನಮ್ಮ ಮನೆಯಲ್ಲಿ ಶನಿವಾರ ಸಂಜೆ ಚೀಟಿ, ಭಾನುವಾರ ಬೆಳಿಗ್ಗೆ ಕಥೆ. ಬರೆದಾದ ಮೇಲೆ ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಕೇಳುತ್ತಿದ್ದಳು. ನಾನು ಚೀಟಿಯನ್ನು ನೋಟ್‌ಬುಕ್ಕಿನ ಪುಟದ ತಲೆಗೆ ಅಂಟಿಸಿ ಅದರ ಕೆಳಗೆ ಕಥೆ ಬರೆಯುತ್ತಿದ್ದೆ. ಹಾಗೆ ಹನ್ನೊಂದು ನೋಟ್‌ಬುಕ್ ತುಂಬಿದವು.

ಓದುಗರ ಪತ್ರಗಳು ಬರುತ್ತಿದ್ದವು. 'ಇಂಥ ವಸ್ತುಗಳು ನಿಮಗೆ ಎಲ್ಲಿ ಸಿಗುತ್ತವೆ?' ಎಂದು ಕೇಳಿದವರಿಗೆ 'ಎಲ್ಲಾ ಕಲ್ಪನೆ' ಎಂದು ಬರೆದು ಹಾಕುತ್ತಿದ್ದೆ. ಆ ಕಾರ್ಡುಗಳನ್ನು ಅಂಚೆ ಡಬ್ಬಕ್ಕೆ ಹಾಕಿ ಬರುತ್ತಿದ್ದವಳೂ ಅವಳೇ. ಒಂದು ದಿನವೂ ಬಾಯಿ ಬಿಟ್ಟು ಏನೂ ಅನ್ನಲಿಲ್ಲ.

ಕಥೆಗಳ ಕೊನೆಯ ಬಗ್ಗೆ ಒಂದು ಮಾತು ಹೇಳಬೇಕು. ಸಂಪಾದಕರಿಗೆ ಕಣ್ಣೀರು ಇಷ್ಟ. 'ನಿಮ್ಮ ಕಥೆ ಓದಿ ನಮ್ಮ ಮನೆಯವರು ಊಟ ಬಿಟ್ಟರು' ಎಂದು ಒಮ್ಮೆ ಬರೆದಿದ್ದರು. ಅದು ನನ್ನ ನೆತ್ತಿಗೇರಿತು. ಅಂದಿನಿಂದ ನನ್ನ ಕಥೆಯ ಹೆಂಗಸರಿಗೆ ಉಳಿಗಾಲವಿಲ್ಲದೆ ಹೋಯಿತು. ಒಬ್ಬಳು ಬಾವಿಗೆ, ಒಬ್ಬಳು ಬಸ್ಸಿಗೆ, ಒಬ್ಬಳು ಜ್ವರಕ್ಕೆ. ಕೆಲವರನ್ನು ಸುಮ್ಮನೆ ಕಿಟಕಿಯ ಪಕ್ಕ ಮುದುಕಿಯಾಗಲು ಬಿಟ್ಟೆ.

ಈಚೆಗೆ, ಅಂದರೆ ಒಂದೂವರೆ ವರ್ಷದಿಂದ, ಚೀಟಿಗಳ ಧಾಟಿ ಬದಲಾಗಿತ್ತು. ಸಾಮಾನಿನ ಪಟ್ಟಿ, ಬಸ್ಸಿನ ಟಿಕೆಟು, ಫೋನ್ ನಂಬರಿನ ಬದಲು ಪೂರ್ತಿ ವಾಕ್ಯಗಳೇ ಬರತೊಡಗಿದ್ದವು. 'ಹಾಸಿಗೆ ಬಟ್ಟೆ ಮಡಿಸುವವಳು. ದಿನಕ್ಕೆ ನಾನೂರು. ಒಂದಕ್ಕೂ ಜೇಬಿಲ್ಲ.' ನಾನು ಆಸ್ಪತ್ರೆಯಲ್ಲಿ ಸತ್ತ ಹೆಂಗಸೊಬ್ಬಳು ದೆವ್ವವಾಗಿ ಬಂದು ಹಾಸಿಗೆ ಬಟ್ಟೆಗಳನ್ನು ಮಡಿಸುವ ಕಥೆ ಬರೆದೆ. ಜನ ಬೆಚ್ಚಿಬಿದ್ದರು. 'ಒಂದು ನಿಮಿಷ ಅಂದವನು. ಬಾಗಿಲಲ್ಲೇ ನಿಂತವಳು.' ಇದಕ್ಕೆ ನಾಯಕಿಯನ್ನು ಬಾಗಿಲಲ್ಲೇ ಇಪ್ಪತ್ತು ವರ್ಷ ನಿಲ್ಲಿಸಿದೆ. ಬರೆದು ಮುಗಿಸಿ ಮೈ ಮುರಿಯುತ್ತ ಅವಳಿಗೆ ಹೇಳಿದ್ದು ನೆನಪಿದೆ:

"ಏನೇ ಇವಳೇ, ನಿಮ್ಮ ಲಾಂಡ್ರಿ ಗಿರಾಕಿಗಳು ಭಾರೀ ಸುಧಾರಿಸಿದ್ದಾರೆ. ನನಗಿಂತ ಚೆನ್ನಾಗಿ ಬರೀತಾರಲ್ಲ!"

"ಹೌದಾ?" ಎಂದಳು. "ಯಾರೋ ಪಾಪ, ಹೇಳಿಕೊಳ್ಳೋಕೆ ಜನ ಇಲ್ಲದವರು."

ನಾನು ನಕ್ಕೆ. ಅವಳೂ ನಕ್ಕಳು ಅಂದುಕೊಂಡಿದ್ದೇನೆ. ತಿರುಗಿ ನೋಡಿದ್ದರೆ ಗೊತ್ತಾಗುತ್ತಿತ್ತು.

ಆ ದಿನಗಳಲ್ಲೇ ಒಂದು ಸಪ್ಪೆ ಕಥೆಯೂ ಹುಟ್ಟಿತು. ಚೀಟಿ ಹೀಗಿತ್ತು: 'ಎರಡು ಲೋಟ ಚಹಾ ಮಾಡಿದವಳು. ಎರಡನ್ನೂ ತಾನೇ ಕುಡಿದಳು.' ಆ ಭಾನುವಾರ ನನಗೆ ನೆಗಡಿ, ತಲೆ ಭಾರ. ಯಾರನ್ನೂ ಸಾಯಿಸುವಷ್ಟು ತ್ರಾಣವಿರಲಿಲ್ಲ. ಕಥೆಯಲ್ಲಿ ಅವಳು ಎರಡನೇ ಲೋಟ ಎತ್ತಿಕೊಳ್ಳುವಷ್ಟರಲ್ಲಿ ಗಂಡ ಒಳಗಿನಿಂದ ಬಂದು, 'ನನ್ನದೆಲ್ಲಿ?' ಎಂದು ಕೇಳಿ, ಅವಳ ಪಕ್ಕದಲ್ಲೇ ನೆಲದ ಮೇಲೆ ಕೂರುತ್ತಾನೆ. ಇಬ್ಬರೂ ಏನೂ ಮಾತಾಡದೆ ಚಹಾ ಕುಡಿಯುತ್ತಾರೆ. ಅಷ್ಟೇ, ಎರಡೂವರೆ ಪುಟ. ಸಂಪಾದಕರು ವಾಪಸ್ ಕಳಿಸಿದರು. 'ಇದರಲ್ಲಿ ಏನೂ ಆಗುವುದೇ ಇಲ್ಲವಲ್ಲ' ಎಂದು ಅಂಚಿನಲ್ಲಿ ಗೀಚಿದ್ದರು. ನಾನು ಆ ಹಾಳೆಗಳನ್ನು ನೋಟ್‌ಬುಕ್ಕಿನಿಂದ ಹರಿದು ಬುಟ್ಟಿಗೆ ಹಾಕಲು ಹೊರಟಾಗ ಅವಳು ಕೈಚಾಚಿದಳು.

"ನನಗೆ ಕೊಡಿ."

"ಏನ್ ಮಾಡ್ತೀಯೇ ಇದನ್ನ? ಒಲೆಗೆ ಹಾಕೋಕೂ ಲಾಯಕ್ಕಿಲ್ಲ."

"ಇರ್ಲಿ ಕೊಡಿ."

ಕೊಟ್ಟೆ. ಅದನ್ನು ಮರೆತೂಬಿಟ್ಟೆ.

ಇನ್ನು ಆ ಕಥೆಗೆ ಬರುತ್ತೇನೆ. ಶನಿವಾರ ಸಂಜೆ ಕಣ್ಣು ಮುಚ್ಚಿ ತೆಗೆದ ಚೀಟಿಯಲ್ಲಿ ಇದ್ದದ್ದು ಇಷ್ಟು: 'ಮಂಚದ ಕೆಳಗೆ ಪೆಟ್ಟಿಗೆ. ಹೋಗಬೇಡ ಅಂತ ಒಬ್ಬರು ಅಂದರೆ ಸಾಕು.'

ಓದಿದ ಕೂಡಲೇ ಮೈ ಜುಮ್ಮೆಂದಿತು. ಇಡೀ ಕಥೆ ಒಂದೇ ಏಟಿಗೆ ಕಣ್ಣ ಮುಂದೆ ನಿಂತಿತು. ಭಾನುವಾರ ಹತ್ತು ಗಂಟೆಯೊಳಗೆ ಬರೆದು ಮುಗಿಸಿದೆ. ಹೆಂಡತಿ ಹೊರಡುತ್ತಾಳೆ. ಗಂಡನಿಗೆ ಎಲ್ಲ ಗೊತ್ತು, ಆದರೆ ಬಾಯಿಂದ ಆ ಒಂದು ಮಾತು ಬರುವುದಿಲ್ಲ. ತಾನೇ ಪೆಟ್ಟಿಗೆ ಹೊತ್ತು, ಬಸ್ಸಿನವರೆಗೆ ಹೋಗಿ, ಅವಳಿಗೆ ಕಿಟಕಿಯ ಪಕ್ಕದ ಸೀಟು ಹಿಡಿದುಕೊಡುತ್ತಾನೆ. ಮನೆಗೆ ಬಂದು ಎರಡು ತಟ್ಟೆ ಇಟ್ಟು, ಒಂದನ್ನು ತೊಳೆಯದೆಯೇ ಮತ್ತೆ ಜಾಗಕ್ಕೆ ಇಡುತ್ತಾನೆ. ಮುಗೀತು.

ಓದಿ ಹೇಳಿದೆ. ಅವಳು ಹೊಸ್ತಿಲ ಮೇಲೆ ಕೂತು, ಮಡಿಲಲ್ಲಿ ಕೈ ಇಟ್ಟುಕೊಂಡು ಕೇಳಿದಳು. ಮುಗಿದ ಮೇಲೆ ತಲೆಯೆತ್ತಿದಳು.

"ಅವನು ಹೋಗಬೇಡ ಅಂತ ಯಾಕೆ ಹೇಳಲ್ಲ?"

"ಹೇಳಿಬಿಟ್ರೆ ಕಥೆಯೇ ಇಲ್ಲವಲ್ಲೇ!"

"ಓ," ಎಂದಳು. "ಅದೂ ಹೌದು."

"ಹೇಗಿದೆ ಹೇಳು ಮತ್ತೆ."

"ಚೆನ್ನಾಗಿದೆ ರೀ. ತುಂಬಾ ಚೆನ್ನಾಗಿದೆ."

ಆಮೇಲೆ ನಾನು ಚಹಾ ಕೇಳಿದ್ದು, ಅವಳು ಎದ್ದು ಮಾಡಿಕೊಟ್ಟದ್ದು.

ಹದಿನೈದು ದಿನ ಕಳೆಯಿತು. ಅಕ್ಕನ ಮನೆಗೆ ಹೋಗಿ ಎಂಟು ದಿನ ಇದ್ದು ಬರುತ್ತೇನೆ ಎಂದಳು. ಅವಳಕ್ಕ ಇರುವುದು ಐದು ಗಂಟೆ ಬಸ್ಸಿನ ದಾರಿಯ ಊರಿನಲ್ಲಿ. ಒಂಟಿ ಹೆಂಗಸು, ಬಟ್ಟೆ ರಿಪೇರಿಯ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾಳೆ. ಹೋಗಿ ಬಾ ಅಂದೆ. ಬೆಳಿಗ್ಗೆ ಪೆಟ್ಟಿಗೆಯನ್ನು ನಾನೇ ಹೊತ್ತುಕೊಂಡು ಹೋದೆ. ಎಂಟು ದಿನಕ್ಕೆ ಇಷ್ಟು ಭಾರವೇ ಎಂದು ಗೊಣಗಿದೆ ಕೂಡ. ಬಸ್ಸು ಹತ್ತಿ ಕಿಟಕಿಯ ಪಕ್ಕದ ಸೀಟಿಗೆ ಕರವಸ್ತ್ರ ಹಾಕಿ ಇಳಿದೆ. ನನ್ನ ಕೈ ಬರೆದದ್ದನ್ನೇ ನನ್ನ ಕೈ ಮಾಡುತ್ತಿತ್ತು. ನನಗೆ ಮಾತ್ರ ಹೊಳೆಯಲಿಲ್ಲ.

ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಇನ್ನೊಂದನ್ನು ನೆಲದ ಮೇಲೇ ಇಟ್ಟುಕೊಂಡು ನಿಂತಿದ್ದಳು. ಹಿಂದಿನವರು ಅವಳನ್ನು ದಾಟಿಕೊಂಡು ಹತ್ತುತ್ತಿದ್ದರು. ನಾನು ಗಡಿಯಾರ ನೋಡಿಕೊಂಡೆ. ಅಂಗಡಿ ತೆರೆಯುವ ಹೊತ್ತಾಗಿತ್ತು.

"ನಾನು ಹೊರಡ್ತೀನಿ. ಹುಷಾರು. ಅಂದಹಾಗೆ, ಈ ವಾರದ ಚೀಟಿ ನಾನೇ ತೆಗೀಲಾ?"

"ತೆಗೀರಿ," ಎಂದಳು. "ಎಷ್ಟಿದ್ಯೋ ಅಷ್ಟೂ ತೆಗೀರಿ."

ಬಸ್ಸು ಹೊರಡುವ ಮುಂಚೆಯೇ ನಾನು ಅಲ್ಲಿಂದ ಕಾಲ್ತೆಗೆದಿದ್ದೆ.

ಶನಿವಾರ ಸಂಜೆ ಒಬ್ಬನೇ ಚಮಚ ಹಿಡಿದು ಡಬ್ಬಿ ತೆರೆದೆ. ತಳದಲ್ಲಿ ಒಂದೇ ಒಂದು ಚೀಟಿ. 'ಎಂಟು ದಿನಕ್ಕೆ ಅಂತ ಹೋದವಳು. ಪೆಟ್ಟಿಗೆಯಲ್ಲಿ ಚಳಿಗಾಲದ ಬಟ್ಟೆಯೂ ಇದೆ.'

ನಿಮಗೆ ಅರ್ಥವಾಯಿತು. ನನಗೆ ಆಗಲಿಲ್ಲ. ಅಬ್ಬಾ ಎಂಥಾ ಚೀಟಿ, ಯಾರು ಬರೆದಿದ್ದಾರಪ್ಪ ಎಂದುಕೊಂಡು ಭಾನುವಾರ ಬೆಳಿಗ್ಗೆ ಹುರುಪಿನಿಂದ ಕುಳಿತೆ. ಹೊರಗೆ ಬೇಸಿಗೆಯ ಬಿಸಿಲು. ಕಥೆಯಲ್ಲೂ ಬೇಸಿಗೆ ಇಟ್ಟೆ. ಹೆಂಡತಿಯನ್ನು ಕಳಿಸಿ ಬಂದ ಗಂಡ ಏನೋ ಹುಡುಕುತ್ತ ಬೀರು ತೆರೆಯುತ್ತಾನೆ, ಉಣ್ಣೆ ಬಟ್ಟೆಗಳ ಜಾಗ ಖಾಲಿ. ಮೂರು ಪುಟ ಸರಾಗವಾಗಿ ಓಡಿತು. ಅಲ್ಲಿ ಸಿಕ್ಕಿಹಾಕಿಕೊಂಡೆ. ಹೆಂಗಸಿನ ಚಳಿಗಾಲದ ಬಟ್ಟೆ ಎಂದರೆ ಏನೇನಿರುತ್ತದೆ? ಶಾಲು ಸರಿ, ಇನ್ನೇನು? ಬಣ್ಣ? ವಿವರ ತಪ್ಪಾದರೆ ಹೆಂಗಸರು ಪತ್ರ ಬರೆದು ಮಾನ ಕಳೆಯುತ್ತಾರೆ. ಅವಳದನ್ನೇ ನೋಡಿ ಬರೆದರಾಯಿತು ಎಂದು ಎದ್ದು, ಪೆನ್ನನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ ಅವಳ ಬೀರು ತೆರೆದೆ.

ಖಾಲಿ. ಮೇಲಿನ ಅರೆ, ಕೆಳಗಿನ ಅರೆ, ಎರಡೂ. ಹಾಸಿದ್ದ ಹಳೆ ಪೇಪರು ಮಾತ್ರ ಇತ್ತು. ಹ್ಯಾಂಗರುಗಳನ್ನು ಒಂದೇ ಕಡೆಗೆ ಸರಿಸಿ ನೀಟಾಗಿ ಇಟ್ಟಿದ್ದಳು.

ನಾನು ಮಂಚದ ಮೇಲೆ ಕುಸಿದೆ. ಆಮೇಲೆ ಅವಳಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಮೂರನೇ ಸಲ ಅವಳಕ್ಕ ಎತ್ತಿ, "ಅವಳು ಮಲಗಿದ್ದಾಳೆ" ಎಂದು ಇಟ್ಟುಬಿಟ್ಟಳು. ಹಗಲು ಹನ್ನೊಂದು ಗಂಟೆ.

ಸೋಮವಾರ ಅಂಗಡಿಗೆ ಹೋಗುವ ಬದಲು ಲಾಂಡ್ರಿಗೆ ಹೋದೆ. ಒಂಬತ್ತು ವರ್ಷ ಅಲ್ಲಿನ ಜೇಬುಗಳಿಂದ ಹೆಸರು ಮಾಡಿದವನು, ಒಳಗೆ ಕಾಲಿಟ್ಟಿದ್ದು ಅದೇ ಮೊದಲು. ಮುಂದುಗಡೆ ಬಟ್ಟೆ ತೆಗೆದುಕೊಳ್ಳುವ ಕೌಂಟರ್ ಇರುತ್ತದೆ ಎಂದುಕೊಂಡಿದ್ದೆ. ಅದರ ಮರದ ಬಾಗಿಲು ಎಳೆದು ಬೀಗ ಹಾಕಿತ್ತು. ಪಕ್ಕದಿಂದ ಒಳಹೊಕ್ಕೆ. ಹಬೆ, ಸೋಪಿನ ವಾಸನೆ, ಎದೆಯುದ್ದದ ಮಷೀನುಗಳು. ಎಲ್ಲಿ ನೋಡಿದರೂ ಬಿಳಿ ಹಾಸಿಗೆ ಬಟ್ಟೆಗಳ ರಾಶಿ. ಇಸ್ತ್ರಿ ಮಾಡುತ್ತಿದ್ದ ಬಿಳಿಗೂದಲಿನವನು ತಲೆಯೆತ್ತಿದ. ಅವಳ ಬಾಯಲ್ಲಿ ಕೇಳಿದ್ದೆ, 'ಇಸ್ತ್ರಿ ಅಣ್ಣ' ಇವನೇ ಇರಬೇಕು. ಯಾರು ಎಂದು ಹೇಳಿಕೊಂಡೆ.

"ಓ, ಕಥೆ ಬರೆಯೋರು! ಬನ್ನಿ ಬನ್ನಿ. ತಂಗಿ ಸೇರ್ಕೊಂಡ್ಲಾ ಅಲ್ಲಿ ಕೆಲಸಕ್ಕೆ?"

"ಎಲ್ಲಿ?"

"ಅವರಕ್ಕನ ಅಂಗಡೀಲಿ. ಎರಡು ವಾರದ ಹಿಂದೇನೇ ಕೆಲಸ ಬಿಡ್ತೀನಿ ಅಂತ ಇಲ್ಲಿ ಹೇಳಿದ್ಲಲ್ಲ." ಅವನು ನನ್ನ ಮುಖ ನೋಡಿ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟ. "ನಿಮಗೆ ಹೇಳ್ಲಿಲ್ವಾ?"

ಬಾಯಿಗೆ ಬಂದದ್ದು ಕೇಳಿದೆ. "ಚೀಟಿಗಳು... ಜೇಬಿನ ಚೀಟಿಗಳನ್ನ ಈಗ ಯಾರು ನೋಡ್ತಾರೆ?"

"ಯಾವ ಜೇಬು?"

"ಗಿರಾಕಿಗಳ ಬಟ್ಟೆಯ ಜೇಬು."

"ಅಯ್ಯೋ, ಅದೆಲ್ಲ ಯಾವ ಕಾಲದ ಮಾತು! ಒಂದೂವರೆ ವರ್ಷ ಆಯ್ತಲ್ಲ, ಯಜಮಾನರು ಬಿಡಿ ಬಟ್ಟೆ ತಗೊಳ್ಳೋದು ನಿಲ್ಲಿಸಿ. ಈಗ ಬರೀ ಆಸ್ಪತ್ರೆದು, ಹೋಟೆಲ್‌ದು. ಹಾಸಿಗೆ ಬಟ್ಟೆ, ದಿಂಬಿನ ಚೀಲ, ಟವೆಲ್ಲು. ತಂಗೀನ ಮಡಿಸೋಕೆ ಹಾಕಿದ್ರು. ದಿನಕ್ಕೆ ನಾನೂರು ಮಡಿಸ್ತಿದ್ಲು, ಪಾಪ, ಸೊಂಟ ಬಿದ್ದುಹೋಗಿತ್ತು." ಅವನು ಒಂದು ಬಟ್ಟೆಯನ್ನು ಕೊಡವಿ ತೋರಿಸಿದ. "ಇದಕ್ಕೆ ಜೇಬು ಎಲ್ಲಿರುತ್ತೆ ಸ್ವಾಮಿ?"

ಅವನು ಚಹಾ ಕುಡಿದು ಹೋಗಿ ಎಂದ. ನಾನು ನಿಲ್ಲಲಿಲ್ಲ. ದಿನಾ ಸಂಜೆ ಅದೇ ಮನೆಗೆ ಬಂದು, ಅದೇ ಮಂಚದಲ್ಲಿ ಮಲಗಿ, ಹೆಂಡತಿಯ ಕೆಲಸ ಬದಲಾದದ್ದು ಒಂದೂವರೆ ವರ್ಷ ಗೊತ್ತಿಲ್ಲದ ಗಂಡನಿಗೆ ಯಾವ ಮುಖವಿದೆ ಚಹಾ ಕುಡಿಯಲು?

ಮನೆಗೆ ಬಂದು ಕೊನೆಯ ಎರಡು ನೋಟ್‌ಬುಕ್‌ಗಳನ್ನು ನೆಲದ ಮೇಲೆ ಹರವಿಕೊಂಡೆ. ಕಥೆಗಳನ್ನು ಓದಲಿಲ್ಲ. ಪುಟದ ತಲೆಯ ಮೇಲೆ ಅಂಟಿಸಿದ ಚೀಟಿಗಳನ್ನು ಮಾತ್ರ ಒಂದಾದ ಮೇಲೊಂದು ಓದುತ್ತ ಹೋದೆ.

'ಸೊಂಟ ನೋವು ಅಂದಳು. ಹೂಂ ಅಂದ.'

'ಕೂದಲು ಗಿಡ್ಡ ಮಾಡಿಸಿಕೊಂಡು ಬಂದು ನಾಲ್ಕು ದಿನ ಆಯಿತು.'

'ಪಕ್ಕದಲ್ಲೇ ಕೂತಿದ್ದಾನೆ. ಕಾಗದ ಬರೆಯೋಣ ಅನಿಸುತ್ತೆ.'

'ಹುಟ್ಟಿದ ದಿನ. ಬೆಳಿಗ್ಗೆಯಿಂದ ಮೂರು ಸಲ ಕನ್ನಡಿ ನೋಡಿಕೊಂಡಳು.'

ಎಪ್ಪತ್ತಕ್ಕೂ ಹೆಚ್ಚು ಚೀಟಿಗಳು. ಎಲ್ಲವೂ ನನಗೇ ಬರೆದ ಕಾಗದಗಳು. ಪ್ರತಿಯೊಂದರ ಕೆಳಗೂ ನನ್ನ ದಪ್ಪಕ್ಷರದಲ್ಲಿ ನಾಲ್ಕೈದು ಪುಟದ ಉತ್ತರ. ಕೂದಲು ಗಿಡ್ಡ ಮಾಡಿಸಿದವಳನ್ನು ಹುಚ್ಚಿ ಮಾಡಿದ್ದೆ. ಹುಟ್ಟಿದ ದಿನದವಳನ್ನು ಕೆರೆಗೆ ಕಳಿಸಿದ್ದೆ. ಸೊಂಟನೋವಿನವಳು ಮೂರನೇ ಪುಟಕ್ಕೇ ಸತ್ತಿದ್ದಳು. ಆ ಭಾನುವಾರಗಳಂದು ಅವಳು ಹೊಸ್ತಿಲ ಮೇಲೆ ಕೂತು ಇದನ್ನೆಲ್ಲ ಕೇಳಿ 'ಚೆನ್ನಾಗಿದೆ' ಅಂದಿದ್ದಳಲ್ಲ! ನನಗೆ ಅಳು ಬಂತು. ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತೆ. ಟವೆಲನ್ನೂ ಅವಳೇ ಮಡಿಸಿಟ್ಟಿದ್ದಳು, ಅಂಚಿಗೆ ಅಂಚು ಕೂಡಿಸಿ.

ಮಾರನೆಯ ದಿನ ಅದೇ ಬಸ್ಸು ಹತ್ತಿದೆ.

ಬಾಗಿಲು ತೆರೆದವಳು ಅವಳಕ್ಕ. ಕೊರಳಿಗೆ ಅಳತೆ ಟೇಪು, ಬಾಯಲ್ಲಿ ಎರಡು ಗುಂಡುಪಿನ್. ಅವನ್ನು ತೆಗೆದು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಈಗ ಕಾಣಿಸ್ತಾ?"

ನಾನು ತಲೆ ತಗ್ಗಿಸಿದೆ.

"ಅಲ್ಲ, ಊರವರನ್ನೆಲ್ಲ ಕೇಳ್ತೀರಲ್ಲ ದಿನಾ, ಅದಕ್ಕೆ ಕೇಳ್ದೆ. ಕೂತ್ಕೊಳ್ಳಿ. ಒಳಗಿದ್ದಾಳೆ."

ಅವಳು ಬಂದಳು. ಕೂದಲು ನಿಜವಾಗಿಯೂ ಗಿಡ್ಡವಿತ್ತು, ಭುಜದವರೆಗೆ. ಎಷ್ಟು ತಿಂಗಳಿಂದ ಹಾಗಿತ್ತೋ. ನನ್ನ ಎದುರಿನ ಸ್ಟೂಲಿನ ಮೇಲೆ ಕೂತು, ಮಡಿಲಲ್ಲಿದ್ದ ಅಂಗಿಯೊಂದರ ಹೊಲಿಗೆ ಬಿಚ್ಚುವುದನ್ನು ಮುಂದುವರಿಸಿದಳು.

"ಊಟ ಆಯ್ತಾ?"

"ನೀನು ಬಾಯಿ ಬಿಟ್ಟು ಹೇಳಬಹುದಿತ್ತಲ್ಲೇ," ಎಂದೆ. ಐದು ಗಂಟೆ ದಾರಿಯುದ್ದಕ್ಕೂ ಬೇರೆಯೇ ಮಾತು ಕೂಡಿಸಿಕೊಂಡು ಬಂದಿದ್ದೆ. ಬಾಯಿಂದ ಬಂದದ್ದು ಇದು.

"ಹೇಳಿದ್ದೆ ರೀ. ಮಡಿಸೋ ಕೆಲಸಕ್ಕೆ ಹಾಕಿದ್ರು ಅಂತ ಮೊದಲನೇ ದಿನಾನೇ ಹೇಳ್ದೆ. ನೀವು ಬರೀತಿದ್ರಿ, ಹೂಂ ಅಂದ್ರಿ. ಊಟಕ್ಕೆ ಕೂತಾಗ ಹೇಳ್ದೆ, ಹೂಂ ಅಂದ್ರಿ. ಆಮೇಲೆ ನಿಮಗೆ ಚೀಟಿ ಇಲ್ದೆ ಕಷ್ಟ ಆಗುತ್ತಲ್ಲ ಅಂತ ನಾನೇ ಒಂದು ಬರೆದು ಹಾಕ್ದೆ. ಅದನ್ನ ನೀವು ಎರಡೆರಡು ಸಲ ಓದಿದ್ರಿ. ಬೆಳಕಿಗೆ ಹಿಡಿದು ಓದಿದ್ರಿ. ನನ್ನ ಮಾತನ್ನ ಅಷ್ಟು ಗಮನ ಇಟ್ಟು ಕೇಳಿದ್ದು ನಾನು ನೋಡೇ ಇರ್ಲಿಲ್ಲ. ಸರಿ, ಇನ್ಮೇಲೆ ಹೀಗೇ ಹೇಳೋಣ ಅಂದ್ಕೊಂಡೆ."

"ನಿನ್ನದು ಅಂತ ನನಗೆ ಹೇಗೆ ಗೊತ್ತಾಗಬೇಕು? ಯಾರದ್ದು ಅಂತ ಕೇಳಬಾರದು ಅಂತ ನೀನೇ ಹೇಳಿದ್ದೆ."

"ಹೌದು, ನಾನೇ ಹೇಳಿದ್ದೆ." ಅವಳು ದಾರದ ತುಂಡೊಂದನ್ನು ಎಳೆದು ಬೆರಳಿಗೆ ಸುತ್ತಿದಳು. "ಒಂದು ಸಲ ಆದ್ರೂ ಕೇಳ್ತೀರಿ ಅಂದ್ಕೊಂಡಿದ್ದೆ."

ಒಳಗೆ ಹೊಲಿಗೆ ಮಷೀನು ಓಡಿ ನಿಂತಿತು. ಅವಳಕ್ಕ ಕೇಳಿಸಿಕೊಳ್ಳುತ್ತಿದ್ದಳೋ ಏನೋ. ನನಗೆ ನಾಚಿಕೆಪಡಲೂ ಪುರುಸೊತ್ತಿರಲಿಲ್ಲ.

"ಬಾ, ಮನೆಗೆ ಹೋಗೋಣ. ಇನ್ನು ನಾನು ಕಥೆ ಬರೆಯಲ್ಲ. ನಿನ್ನಾಣೆ ಬರೆಯಲ್ಲ. ಹೋಗಬೇಡ ಅಂತ ಅಂದೇ ಹೇಳಬೇಕಿತ್ತು, ಈಗ ಹೇಳ್ತಿದ್ದೀನಿ. ಹೋಗಬೇಡ ಕಣೇ."

ಅವಳ ಕಣ್ಣು ತುಂಬಿ ಬಂತು. ಎದ್ದು ಒಳಗೆ ಹೋದಳು. ಪೆಟ್ಟಿಗೆ ತರಲು ಹೋದಳು ಎಂದುಕೊಂಡೆ. ದೇವರಾಣೆ ಹಾಗೇ ಅಂದುಕೊಂಡೆ, ಎದ್ದು ನಿಂತೂ ಬಿಟ್ಟೆ. ಅವಳು ತಂದದ್ದು ಮಡಿಕೆಯ ಜಾಗದಲ್ಲಿ ಸವೆದು ತೂತು ಬಿದ್ದ ಮೂರು ಹಾಳೆಗಳನ್ನು. ಮೇಲೆ ಅಂಟಿಸಿದ ಚೀಟಿ. ಎರಡು ಲೋಟ ಚಹಾದ ಕಥೆ.

"ಇದನ್ನ ನೀವು ಬರೆದ ವಾರ ನಾನು ಅಟ್ಟದಿಂದ ಪೆಟ್ಟಿಗೆ ಇಳಿಸಿದ್ದೆ," ಎಂದಳು. "ಓದಿ ಹೇಳಿದ್ರಲ್ಲ, ಅವನು ಬಂದು ನನ್ನದೆಲ್ಲಿ ಅಂತ ಕೇಳಿ ಪಕ್ಕದಲ್ಲಿ ಕೂರ್ತಾನೆ ಅಂತ. ಸಂಜೆ ಪೆಟ್ಟಿಗೆ ವಾಪಸ್ ಮೇಲಿಟ್ಟೆ. ಏಳು ತಿಂಗಳು ಇದರ ಮೇಲೇ ಇದ್ದೆ ರೀ. ಇನ್ನೊಂದು ಇಂಥದ್ದು ಬರೀತೀರಿ, ಮುಂದಿನ ವಾರ ಬರೀತೀರಿ ಅಂತ."

"ಅದು... ಅವತ್ತು ನನಗೆ ನೆಗಡಿ ಆಗಿತ್ತು," ಎಂದೆ. ಸುಳ್ಳು ಹೇಳಬೇಕಿತ್ತು. ಜನ್ಮದಲ್ಲಿ ಬೇಕಾದಷ್ಟು ಸುಳ್ಳು ಬರೆದವನಿಗೆ ಆ ಹೊತ್ತಿಗೆ ಒಂದು ಸುಳ್ಳು ಸಿಗಲಿಲ್ಲ.

ಅವಳು ನಕ್ಕಳು. ಕಣ್ಣೀರಿನ ನಡುವೆಯೇ ನಿಜವಾಗಿ ನಕ್ಕಳು. ಈ ಸಲ ನಾನು ನೋಡಿದೆ.

"ಗೊತ್ತು. ಕಷಾಯ ಮಾಡಿಕೊಟ್ಟವಳು ನಾನೇ ಅಲ್ವಾ?" ಹಾಳೆಗಳನ್ನು ಜೋಪಾನವಾಗಿ ಮಡಚಿದಳು. "ನಿಮ್ಮ ಮೇಲೆ ಕೋಪ ಇಲ್ಲ. ಇದ್ದಿದ್ರೆ ಬರ್ತಿದ್ದೆನೋ ಏನೋ. ಮುಗಿದುಹೋಗಿದೆ ರೀ. ಮಂಚದ ಕೆಳಗೆ ಪೆಟ್ಟಿಗೆ ಅನ್ನೋ ಚೀಟಿ ಹಾಕಿದಾಗ ಎದೆ ಹೊಡ್ಕೋತಿತ್ತು ನನಗೆ. ನೀವು ಅದರ ಕಥೆ ಓದಿ ಮುಗಿಸೋ ಹೊತ್ತಿಗೆ ನಿಂತುಹೋಯ್ತು."

"ನಾನು ಬರೆದದ್ದು ಬರೀ ಕಥೆ ಕಣೇ."

"ನಾನು ಬರೆದದ್ದು ಕಥೆ ಆಗಿರ್ಲಿಲ್ಲ."

ಆ ಮೂರು ಹಾಳೆಗಳನ್ನಾದರೂ ಕೊಡು ಎಂದು ಕೇಳಿದೆ. ಕೊಡಲಿಲ್ಲ. ಅದು ತನ್ನದು ಎಂದಳು. ಅವಳಕ್ಕ ಊಟಕ್ಕೆ ಬಡಿಸಿದಳು. ಮೂವರೂ ಕೂತು ಉಂಡೆವು. ಅವಳಕ್ಕ ಅಂಗಡಿಯ ಮಾತು ಆಡಿದಳು, ಇಲ್ಲಿ ಎಂಥೆಂಥ ಬಟ್ಟೆಗಳು ಬರುತ್ತವೆ, ಜನ ಜೇಬಿನಲ್ಲಿ ಏನೇನು ಬಿಟ್ಟಿರುತ್ತಾರೆ ಎಂದು. ನನ್ನ ಹೆಂಡತಿ ಸಾರು ಹಾಕಿಕೊಳ್ಳುತ್ತ, "ನಾನೀಗ ನಕಲು ಮಾಡ್ಕೊಳ್ಳಲ್ಲ, ವಾಪಸ್ ಕೊಟ್ಟುಬಿಡ್ತೀನಿ," ಎಂದಳು. ನಾನು ತಟ್ಟೆ ನೋಡುತ್ತ ಹೂಂ ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಸಂಜೆಯ ಬಸ್ಸಿಗೆ ಅವಳು ನನ್ನ ಜೊತೆ ಬಂದಳು. ಬೇಡವೆಂದರೂ ನನ್ನ ಕೈಚೀಲವನ್ನು ಅವಳೇ ಹಿಡಿದುಕೊಂಡಿದ್ದಳು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟೆ. ಇನ್ನೊಂದನ್ನು ಎತ್ತಲು ಆಗಲಿಲ್ಲ. ಹಾಗೇ ನಿಂತೆ. ಜನ ನನ್ನನ್ನು ದಾಟಿಕೊಂಡು ಹತ್ತುತ್ತಿದ್ದರು. ಅವಳು ಚೀಲ ನನ್ನ ಕೈಗೆ ಕೊಟ್ಟಳು, ಕಾಲರಿನ ಹತ್ತಿರ ಅಂಟಿಕೊಂಡಿದ್ದ ದಾರದ ಚೂರೊಂದನ್ನು ತೆಗೆದಳು. ಅವಳ ಬಾಯಿಂದ ಒಂದು ಮಾತು ಬರಬಹುದು ಎಂದು ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅದೊಂದು ಮಾತು ಬಂದಿದ್ದರೆ ನಾನು ಆ ಊರಲ್ಲೇ ಗುಂಡಿ ಹೊಲಿದುಕೊಂಡು ಇದ್ದುಬಿಡುತ್ತಿದ್ದೆ.

"ಹುಷಾರು," ಎಂದಳು.

"ಹತ್ತಿ ಸ್ವಾಮಿ, ಇಲ್ಲಾಂದ್ರೆ ಇಳೀರಿ," ಎಂದ ಕಂಡಕ್ಟರ್.

ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬಸ್ಸು ಹೊರಟಿತು, ಅವಳು ಕೈ ಎತ್ತಲಿಲ್ಲ, ಆದರೆ ಬಸ್ಸು ಮೂಲೆ ತಿರುಗುವವರೆಗೂ ಅಲ್ಲೇ ನಿಂತಿದ್ದಳು. ನಾನು ಅಂದು ಅಷ್ಟು ಹೊತ್ತೂ ನಿಂತಿರಲಿಲ್ಲ.